ಮಾಡುವವಳು: ದಾಲ್ಲೆ

ಸೊಲ್ಪೊ
೧೪ ಅಕ್ಟೋಬರ್ ೧೯೮೪

ಪ್ರೀತಿಯ ಅತ್ತೆಯವರಿಗೆ,

ಇವತ್ತು ಬೆಳಗ್ಗೆ ಅಜ್ಜಿಯ ಅಂಗಾಲಿನಲ್ಲಿ ಒಂದು ಗುಂಡಿಯ ಗುರುತು ಕಂಡಿತು. ಅಂಗಿಯ ಗುಂಡಿ. ದುಂಡಗಿನ ಅಂಚು, ನಡುವೆ ನಾಲ್ಕು ತೂತು, ಎಲ್ಲವೂ ಮುದ್ರೆ ಒತ್ತಿದಷ್ಟು ಸ್ಪಷ್ಟವಾಗಿತ್ತು. ಅವಳ ಬಿಳಿ ರಬ್ಬರ್ ಷೂ ತಲೆಕೆಳಗು ಮಾಡಿ ಅಲ್ಲಾಡಿಸಿದೆ. ನನ್ನ ನೀಲಿ ರವಿಕೆಯಿಂದ ಯಾವಾಗಲೋ ಉದುರಿದ್ದ ಗುಂಡಿ ಅಂಗಳಕ್ಕೆ ಬಿತ್ತು. ನಿನ್ನೆ ಅದೇ ಷೂ ಹಾಕಿಕೊಂಡು ಅಜ್ಜಿ ಊರ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಗೆ ಹೋಗಿದ್ದಳು. ಅಲ್ಲಿಂದ ಮೀನು ಒಣಗಿಸುವ ಕಟ್ಟೆಗೆ, ಅಲ್ಲಿಂದ ಗೆಳತಿ ಮಾಕ್ದಾನ್ ಅಜ್ಜಿಯ ಮನೆಗೆ, ಆಮೇಲೆ ಏರು ಹತ್ತಿ ಮನೆಗೆ.

"ಚುಚ್ಚಲಿಲ್ವಾ ಅಜ್ಜಿ?"

"ನನ್ನ ಕಾಲು ಯಾವತ್ತೂ ದೂರು ಹೇಳಿಲ್ಲ ಕಣೇ. ನಿಮ್ಮತ್ತೆ ಥರ ಅಲ್ಲ. ಅವಳು ಹುಟ್ಟಿದ ಗಳಿಗೆಯಿಂದ ದೂರು."

ನಕ್ಕೆ. ಆಮೇಲೆ ನಗು ಬರಲಿಲ್ಲ. ಅವಳನ್ನು ಮೀನುಗಾರರ ಸಂಘದ ಪಕ್ಕದಲ್ಲಿರುವ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನೀವು ಹೋದ ಮೇಲೆ ಬಂದದ್ದು ಅದು. ಒಂದೇ ಕೋಣೆ, ಡಾಕ್ಟರಿಲ್ಲ, ನರ್ಸ್ ಕುಕ್ ಒಬ್ಬರೇ. ಅವರ ಮನೆತನದ ಹೆಸರಿಗೆ ಸಾರು ಅಂತಲೂ ಅರ್ಥ ಬರುವುದರಿಂದ ಊರಿನ ಮುದುಕಿಯರು ಅವರನ್ನು ಬಿಡುವುದಿಲ್ಲ. "ಹೆಸರಲ್ಲೇ ಸಾರು ಇಟ್ಕೊಂಡು ನಮಗೆ ಉಪ್ಪಿನ ಸಾರು ಕುಡೀಬೇಡಿ ಅಂತಾಳಲ್ಲ ಈ ನರ್ಸಮ್ಮ!" ಅವರು ಬೇಸರಪಡುವುದಿಲ್ಲ. ಅಜ್ಜಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಹತ್ತಿಯಿಂದ ಅಂಗಾಲು ಸವರುತ್ತಾ, ಎಲ್ಲಿ ಮುಟ್ಟುತ್ತಿದ್ದೇನೆ ಹೇಳಿ ಅಂದರು.

ಅಜ್ಜಿ ಕಾದಳು. ಕೊನೆಗೆ, "ಶುರು ಮಾಡಮ್ಮ, ಎಷ್ಟೊತ್ತು ಕಣ್ಣು ಮುಚ್ಚಿರಲಿ?" ಅಂದಳು.

ಅವರು ಆಗಲೇ ಎರಡೂ ಪಾದ ಮುಗಿಸಿದ್ದರು.

ವಸಂತದಲ್ಲಿ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ನಿಮಗೆ ಬರೆದಿದ್ದೆ. ಈಗ ಅದು ಕಾಲಿನ ಅರಿವನ್ನು ತಿಂದಿದೆಯಂತೆ. ಗಾಯವಾದರೆ ಅವಳಿಗೆ ತಿಳಿಯುವುದಿಲ್ಲ. ತಿಳಿಯದೆ ಕೊಳೆತರೆ ಏನಾಗುತ್ತದೆಂದು ಮಾಕ್ದಾನ್ ಅಜ್ಜಿಯ ಗಂಡನನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಒಂದು ಕಾಲು ಕಳೆದುಕೊಂಡ ಮೇಲೆ ಅವರು ಕೋಣೆಯಿಂದ ಹೊರಗೆ ಬಂದದ್ದು ಒಂದೇ ಸಲ, ನಾಲ್ಕು ಜನರ ಹೆಗಲ ಮೇಲೆ.

ಅಜ್ಜಿಗೆ ಇದ್ಯಾವುದೂ ತಾಗಿಲ್ಲ. ಸಂಜೆ ಮೀನಿನ ಸಾರನ್ನು ಕುದಿಯುತ್ತಿರುವಾಗಲೇ ಬಟ್ಟಲಿಗೆ ಹಾಕಿಸಿಕೊಂಡು, ಹಣೆಯ ಬೆವರು ಒರೆಸುತ್ತಾ, "ಆಹಾ, ತಂಪು! ಜೀವ ತಂಪಾಯ್ತು!" ಅಂದಳು. ಸ್ನಾನದ ಮನೆಯಲ್ಲಿ ಮೈ ಕೆಂಪಾಗಿಸುವ ಬಿಸಿನೀರಿನ ತೊಟ್ಟಿಗೆ ಇಳಿದಾಗಲೂ ಅವಳದು ಇದೇ ಮಾತು, ಇದೇ ರಾಗ.

ಇನ್ನೊಂದು ವಿಷಯ, ಹೇಗೆ ಬರೆಯಬೇಕೆಂದು ತಿಳಿಯದೆ ಕೊನೆಗೆ ತಳ್ಳಿದೆ. ಕಾಲೇಜಿನಲ್ಲಿ ನನಗಿಂತ ಮುಂದಿದ್ದ ಒಬ್ಬರು ಬುಸಾನಿನಲ್ಲಿ ನಿಘಂಟು ಅಚ್ಚು ಹಾಕುವ ಕಡೆ ಇದ್ದಾರೆ. ಕರಡು ತಿದ್ದಲು ಒಬ್ಬಳು ಬೇಕಂತೆ. ಚಾಂದ್ರಮಾನ ಹೊಸವರ್ಷದವರೆಗೆ ಜಾಗ ಇಟ್ಟಿರುತ್ತಾರೆ. ಅಜ್ಜಿಗೆ ಹೇಳಿಲ್ಲ. ನಿಮಗೆ ಮೊದಲು ಹೇಳಬೇಕು ಅನ್ನಿಸಿತು. ಓದಿಸಿದವರು ನೀವು.

ನಿಮ್ಮ ಅಣ್ಣನ ಮಗಳು,
ದಾಲ್ಲೆ


ವುಪರ್‌ಟಾಲ್
ಜರ್ಮನಿ, ೨ ನವೆಂಬರ್ ೧೯೮೪

ದಾಲ್ಲೆ,

ಪಾಳಿ ಮುಗಿಸಿ ಬಂದು ಕೋಟು ತೆಗೆಯದೆ ನಿನ್ನ ಪತ್ರ ಓದಿದೆ. ಗುಂಡಿಯ ವಿಷಯ ಎರಡು ಸಲ ಓದಿದೆ.

ನಮ್ಮ ವಾರ್ಡಿನಲ್ಲಿ ಪ್ರತಿ ರೋಗಿಗೂ ಒಂದು ಆರೈಕೆಯ ಯೋಜನೆ ಇರುತ್ತದೆ. ತೊಂದರೆ ಏನು, ಗುರಿ ಏನು, ಅದಕ್ಕೆ ಏನು ಮಾಡಬೇಕು, ಯಾರು ಮಾಡಬೇಕು. ಅಮ್ಮನಿಗೂ ಒಂದು ಮಾಡಿ ಕಳಿಸುತ್ತಿದ್ದೇನೆ, ಗೋಡೆಗೆ ಅಂಟಿಸು. ಬೆಳಗ್ಗೆ ಎದ್ದ ಕೂಡಲೇ ಮತ್ತು ಮಲಗುವ ಮುಂಚೆ ಎರಡೂ ಅಂಗಾಲು ನೋಡಬೇಕು. ಬೆರಳುಗಳ ಸಂದಿ ಮರೆಯಬೇಡ. ಕಾಲು ತೊಳೆಯುವವಳು ನೀನು, ಉಗುರು ತೆಗೆಯುವವಳು ನೀನು, ಷೂ ಒಳಗೆ ಕೈ ಹಾಕಿ ನೋಡುವವಳು ನೀನು. ಅನ್ನ ಅಳತೆಯ ಬಟ್ಟಲಲ್ಲಿ. ಸಾರಿನಲ್ಲಿ ಹೋಳು ಮಾತ್ರ. ಒಲೆಯ ಬಿಸಿ ನೆಲದಡಿಯಲ್ಲಿ ಹರಿದು ಹೆಚ್ಚು ಕಾಯುವ ಮೂಲೆಯಲ್ಲಿ ಕೂರಿಸಬೇಡ, ಚರ್ಮ ಬೆಂದರೂ ಗೊತ್ತಾಗುವುದಿಲ್ಲ. ಸ್ನಾನದ ಮನೆ ಬಂದ್. ಒದ್ದೆ ನೆಲ, ಬಿಸಿ ತೊಟ್ಟಿ, ಯಾರ್ಯಾರದೋ ಕಾಲಿನ ಹುಣ್ಣು, ಒಂದೇ ಒಂದು ಸಲವೂ ಬೇಡ.

ಅಮ್ಮ ಜಗಳ ಮಾಡುತ್ತಾಳೆ. ಮಾಡಲಿ. ನೀನು ಮೆತ್ತಗಿನವಳು, ಅದೇ ನನಗೆ ಭಯ.

ಆ ಗುಂಡಿಯನ್ನು ಕೂಡಲೇ ಹೊಲಿದುಬಿಡು. ಮನೆಯಲ್ಲಿ ಬಿಡಿ ಗುಂಡಿ, ಸೂಜಿ ಯಾವುದೂ ಬಿದ್ದಿರಬಾರದು.

ಬುಸಾನಿನ ವಿಷಯ ವಸಂತ ಬರಲಿ, ನೋಡೋಣ. ನಾನು ಬೇಸಿಗೆಯಲ್ಲಿ ಬರುವ ಯೋಚನೆ ಇದೆ. ಅಲ್ಲಿಯವರೆಗೆ ಅವಳ ಕಾಲು ನಿನ್ನ ಕೈಯಲ್ಲಿ.

ಮ್ಯೊಂಗ್‌ಸಿಮ್


ಸೊಲ್ಪೊ
೨೭ ನವೆಂಬರ್ ೧೯೮೪

ಪ್ರೀತಿಯ ಅತ್ತೆಯವರಿಗೆ,

ಎಲೆಕೋಸು ಉಪ್ಪಿನಲ್ಲಿಟ್ಟು ಚಳಿಗಾಲದ ಕಿಮ್ಚಿ ಹಾಕಿ ಮುಗಿಯಿತು. ಈ ವರ್ಷ ಉಪ್ಪು ನೀರಿಗೆ ಅಜ್ಜಿಯನ್ನು ಇಳಿಸಲಿಲ್ಲ. ಅವಳು ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತು ನನ್ನ ಕೈಗಳನ್ನು ಬೈಯುತ್ತಿದ್ದಳು. "ಎಲೆಕೋಸಿಗೆ ಉಪ್ಪು ಸವರು ಅಂದ್ರೆ ಪೌಡರ್ ಹಚ್ತಾ ಇದೀಯಲ್ಲೇ, ಅದೇನು ಮದುವೆಗೆ ಹೊರಟಿದ್ಯಾ?"

ನೀವು ಕಳಿಸಿದ ಯೋಜನೆ ಗೋಡೆಯ ಮೇಲಿದೆ. ಅಜ್ಜಿ ಅದನ್ನು ಪ್ರತಿದಿನ ನೋಡುತ್ತಾಳೆ. ಓದಲು ಬಾರದವರು ನೋಡುವ ಹಾಗೆ, ಚಿತ್ರ ನೋಡಿದಂತೆ. ಒಂದು ದಿನ ಬೆರಳಿಟ್ಟು ಕೇಳಿದಳು.

"ಎಲ್ಲಾ ಸಾಲಿನ ಕೊನೇಲೂ ಒಂದೇ ಥರದ ಗೀಟು ಇದೆಯಲ್ಲ, ಏನದು?"

"ನನ್ನ ಹೆಸರು ಅಜ್ಜಿ. ಮಾಡುವವಳು ದಾಲ್ಲೆ, ಮಾಡುವವಳು ದಾಲ್ಲೆ, ಅಂತ."

"ಓಹೋ. ನಮ್ಮ ಮ್ಯೊಂಗ್‌ಸಿಮ್ ನಿನ್ನನ್ನೇ ಗೋಡೆಗೆ ಮೊಳೆ ಹೊಡೆದುಬಿಟ್ಟಿದಾಳೆ, ಬಿಡು."

ಅವಳು ತಮಾಷೆಗೆ ಅಂದದ್ದು. ನಾನು ಅಡುಗೆಮನೆಗೆ ಹೋಗಿ ಒಲೆಯಲ್ಲಿ ಇನ್ನೂ ಉರಿಯುತ್ತಿದ್ದ ಕಲ್ಲಿದ್ದಲ ಬಿಲ್ಲೆಯನ್ನೇ ಬದಲಿಸಿದೆ.

ಎಲ್ಲವನ್ನೂ ಹಾಗೆಯೇ ಮಾಡುತ್ತಿದ್ದೇನೆ. ಅಜ್ಜಿ ಈಗ ಬೆಳಗ್ಗೆ ಎದ್ದೊಡನೆ ಮಾತಿಲ್ಲದೆ ಕಾಲು ಚಾಚುತ್ತಾಳೆ. ನಾನು ನೋಡುತ್ತೇನೆ, ಅವಳು ಕಿಟಕಿ ನೋಡುತ್ತಾಳೆ. ಆ ಕಾಲುಗಳು ಅವಳವಲ್ಲ, ನನ್ನವು ಎಂಬಂತೆ. ಬಿಸಿ ಮೂಲೆಯಿಂದ ಎಬ್ಬಿಸಿದ ದಿನ ಮಾತ್ರ ಅತ್ತುಬಿಟ್ಟಳು. ಮನೆಯ ಹಿರಿಯರು ಕೂರುವ ಜಾಗ ಅದು, ಅಜ್ಜ ಸತ್ತ ಮೇಲೆ ತನಗೆ ಬಂದದ್ದು, ಮೊಮ್ಮಗಳು ಎಬ್ಬಿಸಿ ಬಾಗಿಲ ಪಕ್ಕ ಕೂರಿಸಿದಳು ಅಂತ ಮಾಕ್ದಾನ್ ಅಜ್ಜಿಗೆ ಹೇಳಿದಳಂತೆ. ಈಗ ಬೀದಿಯಲ್ಲಿ ಸಿಕ್ಕವರು ನನ್ನನ್ನು ಒಂದು ಥರ ನೋಡುತ್ತಾರೆ.

ಗುರುವಾರ ಸ್ನಾನದ ದಿನ. ಹೆಂಗಸರು ಬಕೆಟ್ಟು ಹಿಡಿದು ನಮ್ಮ ಗೇಟಿನ ಮುಂದೆಯೇ ಹೋಗುತ್ತಾರೆ. "ಸಾಮ್‌ವೊಲ್, ಬರಲ್ವೇನೇ? ನನ್ನ ಬೆನ್ನು ಯಾರು ಉಜ್ತಾರೆ?" ಅಂತ ಮಾಕ್ದಾನ್ ಅಜ್ಜಿ ಕೂಗಿದರೆ, ನಮ್ಮ ಅಜ್ಜಿ ಒಳಗಿಂದಲೇ ಕೂಗುತ್ತಾಳೆ: "ಜರ್ಮನಿಯಿಂದ ಅಪ್ಪಣೆ ಇಲ್ಲ ಕಣೇ!" ಅವರೆಲ್ಲ ನಗುತ್ತಾರೆ. ನಗು ಇಳಿಜಾರಿನಲ್ಲಿ ಹೋಗಿ ಮುಗಿಯುವವರೆಗೂ ಅಜ್ಜಿ ಕೇಳಿಸಿಕೊಳ್ಳುತ್ತಾಳೆ. ನಾನು ಬಟ್ಟೆ ಮಡಿಸುತ್ತೇನೆ.

ಜಿಲ್ಲಾ ಆಸ್ಪತ್ರೆಗೂ ಹೋಗಿ ಬಂದೆವು. ಅಲ್ಲಿ ನನಗೆ ಹೆಸರೇ ಇಲ್ಲ. "ರಕ್ಷಕರು ಎಲ್ಲಿ? ರಕ್ಷಕರು ಸಹಿ ಹಾಕಿ. ರಕ್ಷಕರು ಹೊರಗೆ ಹೋಗುವ ಹಾಗಿಲ್ಲ." ಎರಡನೆಯ ಸಲ ಕರೆಯುವಷ್ಟರಲ್ಲಿ ನಾನು ಆ ಶಬ್ದಕ್ಕೆ ತಿರುಗಿ ನೋಡುವುದನ್ನು ಕಲಿತಿದ್ದೆ.

ನರ್ಸ್ ಕುಕ್ ಮನೆಗೆ ಬಂದಿದ್ದರು. ಯೋಜನೆಯನ್ನು ಪೂರ್ತಿ ಓದಿ, ಬರೆದವರು ಒಳ್ಳೆಯ ನರ್ಸ್ ಅಂದರು. ಆಮೇಲೆ, "ಇದರಲ್ಲಿ ಅಜ್ಜಿ ಎಲ್ಲಿದ್ದಾರೆ?" ಅಂತ ಕೇಳಿದರು. ಮೇಲೆ ಹೆಸರಿದೆಯಲ್ಲ ಅಂದೆ. "ಅದು ರೋಗಿಯ ಹೆಸರು. ಮಾಡುವವರಲ್ಲಿ ಅವರಿಲ್ಲ. ಗುರಿ ಅಂತ ಇದೆ, ಅವರನ್ನ ಕೇಳಿದ್ರಾ? ನೀನಂತೂ ಕಾಲು ನೋಡೋದು ಚೆನ್ನಾಗಿ ಕಲ್ತಿದೀಯ. ನಾಳೆ ನಿನಗೆ ಜ್ವರ ಬಂದ್ರೆ?" ನೀವು ಬೇಸರ ಮಾಡಿಕೊಳ್ಳುತ್ತೀರೆಂದು ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಬುಸಾನಿನವರು ಒಮ್ಮೆ ಬಂದು ಮುಖ ತೋರಿಸಿ ಹೋಗು ಅಂದಿದ್ದಾರೆ.

ನೀಲಿ ರವಿಕೆಗೆ ಗುಂಡಿ ಇನ್ನೂ ಹೊಲಿದಿಲ್ಲ. ಅದನ್ನು ಹಾಕಿಕೊಂಡು ಹೋಗುವ ಕಡೆ ಯಾವುದೂ ಇಲ್ಲ. ಗುಂಡಿ ಡಬ್ಬಿಯಲ್ಲಿ ಭದ್ರವಾಗಿದೆ, ಚಿಂತಿಸಬೇಡಿ.

ನಿಮ್ಮ
ದಾಲ್ಲೆ


ವುಪರ್‌ಟಾಲ್
೧೨ ಡಿಸೆಂಬರ್ ೧೯೮೪

ದಾಲ್ಲೆ,

ನಿಮ್ಮ ನರ್ಸ್ ಹೇಳುವುದು ಪುಸ್ತಕದಲ್ಲಿ ನಾನೂ ಓದಿದ್ದೇನೆ. ರೋಗಿ ತನ್ನ ಆರೈಕೆ ತಾನೇ ಮಾಡಿಕೊಳ್ಳುವಂತೆ ಕಲಿಸಬೇಕು, ಸರಿ. ಆ ಪುಸ್ತಕ ಬರೆದವರಿಗೆ ನಮ್ಮಮ್ಮ ಗೊತ್ತಿರಲಿಲ್ಲ.

ಮೂರು ದಿನ ಸಿಟ್ಟಾಗಿದ್ದೆ. ಈಗ ಹೇಳುತ್ತೇನೆ, ಕಲಿಸೋಣ. ಕೆಳಗಿನದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳು, ಬಾಯಿಪಾಠ ಬರುವವರೆಗೆ.

ಅಮ್ಮಾ, ನಾನು ಮ್ಯೊಂಗ್‌ಸಿಮ್. ನಿನ್ನ ಕಾಲು ನೀನೇ ನೋಡಿಕೋಬೇಕು. ದಿನಾ ತಂಪು ನೀರಲ್ಲಿ ಕಾಲು ತೊಳಿ. ನೀರು ತಂಪಾಗಿದೆಯಾ ಅಂತ ನೋಡಿಕೊಂಡೇ ತೊಳಿ, ಅವಸರ ಮಾಡಬೇಡ. ಬೆರಳ ಸಂದಿ ಒರೆಸು. ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡ. ನಿನ್ನ ಮಗಳ ಮಾತು ಇದೊಂದು ಸಲ ಕೇಳು.

ಇದು ಬಂದ ಮೇಲೆ ನೀನು ಬುಸಾನಿಗೆ ಒಂದು ದಿನ ಹೋಗಿ ಬಾ. ಬೆಳಗ್ಗೆ ಹೋಗಿ ಸಂಜೆ ಬರಬೇಕು. ಮುಖ ತೋರಿಸಿ ಬರುವುದಕ್ಕೆ ನಾನು ಬೇಡ ಅನ್ನುವುದಿಲ್ಲ. ಒಪ್ಪಿಕೊಂಡು ಮಾತ್ರ ಬರಬೇಡ.

ಮ್ಯೊಂಗ್‌ಸಿಮ್


ಸೊಲ್ಪೊ
೬ ಜನವರಿ ೧೯೮೫

ಅತ್ತೆಯವರಿಗೆ,

ಅಜ್ಜಿಯ ಎಡಗಾಲು ಬೆಂದಿದೆ.

ಮೊದಲು ಇದನ್ನು ಹೇಳಿಬಿಡುತ್ತೇನೆ: ಕಾಲು ಹೋಗಿಲ್ಲ. ಪಾದದ ಮೇಲೂ ಅಡಿಯಲ್ಲೂ ಗುಳ್ಳೆ ಎದ್ದು ಒಡೆದಿವೆ. ನರ್ಸ್ ಕುಕ್ ದಿನಾ ಬಂದು ತೊಳೆದು ಕಟ್ಟುತ್ತಾರೆ. ಆಸ್ಪತ್ರೆಯ ಡಾಕ್ಟರು ಕೀವಾಗದಿದ್ದರೆ ಉಳಿಯುತ್ತದೆ ಅಂದಿದ್ದಾರೆ.

ನಾನು ಬುಸಾನಿಗೆ ಹೋದ ದಿನ ಆದದ್ದು. ನಿಮ್ಮ ಪತ್ರದಲ್ಲಿ ಅಜ್ಜಿಗೆಂದು ಬರೆದಷ್ಟನ್ನು ಓದಿ ಹೇಳಿದ್ದೆ. ಅವಳು ಪಾಠ ಒಪ್ಪಿಸುವ ಮಗುವಿನಂತೆ ಕೈಕಟ್ಟಿ ಒಪ್ಪಿಸಿದ್ದಳು. "ತಂಪು ನೀರಲ್ಲಿ ತೊಳೀಬೇಕು. ತಂಪಾಗಿದೆಯಾ ನೋಡ್ಕೋಬೇಕು. ಅವಸರ ಮಾಡಬಾರದು." ಒಂದಕ್ಷರ ತಪ್ಪಿರಲಿಲ್ಲ. ನಾನು ನೆಮ್ಮದಿಯಿಂದ ಬಸ್ಸು ಹತ್ತಿದೆ.

ಸಂಜೆ ಬಂದಾಗ ಅವಳು ಹೆಮ್ಮೆಯಿಂದ ಕೂತಿದ್ದಳು. ತಾನೇ ತೊಳೆದುಕೊಂಡಳಂತೆ. "ನಿಮ್ಮತ್ತೆ ಹೇಳಿದ ಹಾಗೇ ಮಾಡಿದೆ. ಕೆಟಲಿನಿಂದ ಸ್ವಲ್ಪ ಸ್ವಲ್ಪಾನೇ ಹಾಕಿದೆ, ಅವಸರ ಮಾಡಲಿಲ್ಲ. ಕೆಟಲು ಖಾಲಿಯಾದರೂ ತಂಪಾಗ್ಲೇ ಇಲ್ಲ ಕಣೇ. ಇನ್ನೊಂದು ಕಾಯಿಸಿದೆ. ಬೇಜಾರಾಗಿ ಬಲಗಾಲನ್ನ ತೊಳೀದೆ ಬಿಟ್ಟುಬಿಟ್ಟೆ."

ಬೋಗುಣಿಯ ನೀರು ಇನ್ನೂ ಬೆಚ್ಚಗಿತ್ತು, ಅತ್ತೆ. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು.

ತಂಪು ಅಂದರೆ ಅವಳಿಗೆ ಮೈಗೆ ಹಿತವಾಗುವ ಬಿಸಿ ಎಂದು ನನಗೆ ಗೊತ್ತಿತ್ತು. ದಿನವೂ ಸಾರಿನ ಬಟ್ಟಲಿನ ಮುಂದೆ ಕೇಳುತ್ತೇನೆ. ನಿಮಗೂ ಒಂದು ಕಾಲದಲ್ಲಿ ಗೊತ್ತಿತ್ತು. ನೀವು ಬರೆದಿರಿ, ನಾನು ಓದಿದೆ, ಅವಳು ಹೇಳಿದಂತೆ ಮಾಡಿದಳು.

ಬುಸಾನಿನವರು ಒಪ್ಪಿದರು. ಕಿಟಕಿಯ ಪಕ್ಕ ಒಂದು ಮೇಜು ತೋರಿಸಿದರು. ಮೇಜಿನ ಮೇಲೆ ಕೆಂಪು ಪೆನ್ಸಿಲು, ಒಂದು ಟೀ ಲೋಟ. ಹಿಂದೆ ಇದ್ದವಳು ಮದುವೆಯಾಗಿ ಹೋದಳಂತೆ, ಅವಳ ಲೋಟ. ನಾನು ಏನೂ ಒಪ್ಪಿಕೊಂಡು ಬರಲಿಲ್ಲ, ನೀವು ಹೇಳಿದಂತೆಯೇ. ಹೊಸವರ್ಷದ ಒಳಗೆ ಹೇಳುತ್ತೇನೆ ಅಂದೆ. ಈಗ ಆಗುವುದಿಲ್ಲ ಎಂದು ಬರೆಯಬೇಕು. ಇನ್ನೂ ಬರೆದಿಲ್ಲ.

ನಾನು ಒಂದು ದಿನ ಇಲ್ಲದಿದ್ದರೆ ಏನಾಗುತ್ತದೆಂದು ಈಗ ಊರಿಗೆಲ್ಲ ಗೊತ್ತಾಗಿದೆ. ಯಾರೂ ಬೈಯುವುದಿಲ್ಲ. ಬಾಗಿಲಲ್ಲಿ ನಿಂತು, "ಪಾಪ, ಇನ್ನು ನೀನು ಎಲ್ಲಿಗೂ ಹೋಗೋ ಹಾಗಿಲ್ಲ, ಅಲ್ವಾ?" ಅಂತ ಪ್ರೀತಿಯಿಂದ ಕೇಳುತ್ತಾರೆ. ಅಂಜೂರದ ಜಾಮ್ ಕೊಟ್ಟು ಹೋಗುತ್ತಾರೆ. ಅಜ್ಜಿ ತಿನ್ನುವ ಹಾಗಿಲ್ಲ, ನನಗೆ ಸೇರುವುದಿಲ್ಲ. ಸೀಸೆಗಳು ಸಾಲಾಗಿ ನಿಂತಿವೆ.

ದಾಲ್ಲೆ


ವುಪರ್‌ಟಾಲ್
೨೪ ಜನವರಿ ೧೯೮೫

ದಾಲ್ಲೆ,

ನಿನ್ನ ಪತ್ರ ಬಂದು ಆರು ದಿನವಾಯಿತು. ಕಾಗದ ತೆಗೆದುಕೊಂಡು ಕೂತು ಎದ್ದುಬಿಡುತ್ತಿದ್ದೆ.

ಹೊರಗೆ ಹಿಮ. ಇಲ್ಲಿ ನಾನು ಮನೆಯ ತೊಟ್ಟಿಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಸ್ನಾನ ಮಾಡುತ್ತೇನೆ. ಎಷ್ಟು ವರ್ಷದಿಂದ ಅಂತ ಲೆಕ್ಕ ಇಟ್ಟಿಲ್ಲ. ಬೆನ್ನು ಕೈಗೆ ಸಿಗುವಷ್ಟು ಉಜ್ಜಿಕೊಳ್ಳುತ್ತೇನೆ, ನಡುವೆ ಒಂದು ಜಾಗ ಉಳಿದುಹೋಗುತ್ತದೆ. ಬಿಸಿ ನೀರಿಗೆ ಇಳಿದಾಗ ಬಾಯಿಂದ ಯಾವ ಮಾತೂ ಬರುವುದಿಲ್ಲ. ಕೇಳುವವರಿಲ್ಲದ ಕಡೆ ಯಾರು ಅಂತಾರೆ? ಇಲ್ಲಿನ ಭಾಷೆಯಲ್ಲಿ ತಂಪು ಅಂದರೆ ತಂಪು. ನನ್ನಲ್ಲೂ ಅದೇ ಉಳಿದಿತ್ತು ಅಂತ ಗೊತ್ತಿರಲಿಲ್ಲ.

ನಿನ್ನ ತಂದೆ ದೋಣಿಯಿಂದ ಬಾರದ ವರ್ಷ ನಾನು ಬರಬೇಕಿತ್ತು. ಮುಂದಿನ ಬೇಸಿಗೆ ಅಂದೆ.

ಕಟ್ಟು ದಿನಾ ಬದಲಾಗಬೇಕು. ವಾಸನೆ ಬಂದರೆ, ಕೆಂಪು ಗೆರೆ ಮೇಲಕ್ಕೆ ಏರಿದರೆ ಕಾಯಬೇಡ, ಆಸ್ಪತ್ರೆಗೆ. ಅವಳನ್ನು ಒಂದು ಗಂಟೆಯೂ ಒಬ್ಬಳನ್ನೇ ಬಿಡಬೇಡ. ಕಲಿಸುವ ಮಾತು ಸಾಕು, ಮೊದಲಿನ ಯೋಜನೆಯೇ ಇರಲಿ. ನೀನು ಇರು. ಈ ಬೇಸಿಗೆ ನಾನು ಖಂಡಿತ ಬರುತ್ತೇನೆ, ಆಗ ನಿನ್ನ ದಾರಿ ನೋಡೋಣ. ನಿಘಂಟು ಎಲ್ಲಿಗೂ ಓಡಿಹೋಗುವುದಿಲ್ಲ.

ಅಮ್ಮ ನನ್ನ ಬಗ್ಗೆ ಏನಾದರೂ ಅಂದಳೇ?

ಮ್ಯೊಂಗ್‌ಸಿಮ್


ಸೊಲ್ಪೊ
೧೭ ಫೆಬ್ರವರಿ ೧೯೮೫

ಪ್ರೀತಿಯ ಅತ್ತೆಯವರಿಗೆ,

ಹೊಸವರ್ಷಕ್ಕೆ ಇನ್ನು ಮೂರೇ ದಿನ. ಅಕ್ಕಿ ಕಡುಬು ಮಾಡಿಸಲು ಗಿರಣಿಯ ಮುಂದೆ ಸಾಲು ನಿಂತಿದೆ. ಅಜ್ಜಿಯ ಗಾಯದ ಮೇಲೆ ಹೊಸ ಚರ್ಮ ಬಂದಿದೆ, ತೆಳ್ಳಗೆ, ಗುಲಾಬಿ ಬಣ್ಣ. ಕೀವಾಗಲಿಲ್ಲ. ಇದನ್ನು ಓದಿ ನೀವು ಒಮ್ಮೆ ಉಸಿರು ಬಿಡಿ, ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಪತ್ರ ಬಂದ ದಿನ ನರ್ಸ್ ಕುಕ್ ಕಟ್ಟು ಬಿಚ್ಚುತ್ತಿದ್ದರು. ಮೊದಲಿನ ಯೋಜನೆಯೇ ಇರಲಿ ಎಂದು ನೀವು ಬರೆದದ್ದನ್ನು ಅವರಿಗೆ ಹೇಳಿದೆ. ಅವರು ಅಜ್ಜಿಯನ್ನು ಕೇಳಿದರು.

"ಅಜ್ಜಿ, ಈ ಕಾಲು ವಾಸಿಯಾದ ಮೇಲೆ ಏನು ಮಾಡ್ಬೇಕು ಅಂತಿದೀರಿ?"

ಅಜ್ಜಿ ನನ್ನ ಮುಖ ನೋಡಿದಳು. ನಾನು ಉತ್ತರ ಹೇಳಲಿ ಅಂತ. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ಈಗೀಗ ಹಾಗೆ ನೋಡುತ್ತಾಳೆ. ನಾನು ಕಿಟಕಿ ನೋಡಿದೆ.

"ಸ್ನಾನದ ಮನೆಗೆ ಹೋಗ್ಬೇಕು," ಅಂದಳು ಕೊನೆಗೆ. "ಹಬ್ಬದ ಮುಂಚೆ. ಹಳೇ ಕೊಳೆ ಇಟ್ಕೊಂಡು ಹೊಸವರ್ಷಕ್ಕೆ ಹೋಗೋದು ಹೇಗೆ? ಮಾಕ್ದಾನ್ ಬೆನ್ನು ಉಜ್ಜದೆ ಎಷ್ಟು ದಿನ ಆಯ್ತು. ಅವಳ ಬೆನ್ನು ಇನ್ಯಾರ ಕೈಗೂ ಒಗ್ಗಲ್ಲ."

"ಸರಿ. ಅದೇ ನಮ್ಮ ಗುರಿ," ಅಂದರು ನರ್ಸ್ ಕುಕ್. "ಅಂದ್ರೆ ಅಲ್ಲಿಗೆ ಹೋಗಿ ಬರೋ ಹಾಗೆ ಕಾಲು ಇಟ್ಕೋಬೇಕು. ನನಗೆ ಅಲ್ಲಿಗೆ ಬರೋಕಾಗಲ್ಲ, ದಾಲ್ಲೆ ಸದಾ ನಿಮ್ಮ ಕಾಲ ಬಳೀನೇ ಇರೋಕಾಗಲ್ಲ."

ಮರುದಿನ ಅವರು ಬೋಗುಣಿ ತಂದು ಕೂತರು. ಕೆಟಲಲ್ಲಿ ಬಿಸಿನೀರು, ಬಕೆಟ್ಟಿನಲ್ಲಿ ತಣ್ಣೀರು.

"ಅತ್ತೆಮ್ಮಾ, ನಾನು ನಿಮ್ಮ ಹೊಸ ಸೊಸೆ. ಹಳ್ಳಿ ಗಮಾರಿ. ಕಾಲು ತೊಳೆಯೋದು ಹೇಗೆ, ನನಗೆ ಮಾಡಿ ತೋರಿಸಿ."

ಅಜ್ಜಿಯ ಕಣ್ಣು ಹೊಳೆದದ್ದನ್ನು ನೀವು ನೋಡಬೇಕಿತ್ತು. ನನ್ನ ಅಮ್ಮ ಬೇರೆ ಮದುವೆಯಾಗಿ ಹೋದ ಮೇಲೆ ಅವಳಿಗೆ ಬೈಯಲು ಸೊಸೆಯೇ ಇರಲಿಲ್ಲ. ಕೆಟಲು ಎತ್ತಿ ಸುರಿದು ನೇರವಾಗಿ ಬಲಗಾಲು ಇಳಿಸಲು ಹೋದಳು.

"ಅತ್ತೆಮ್ಮಾ, ನೀರು ಹೇಗಿದೆ ಅಂತ ಕಾಲು ಹೇಳುತ್ತಾ?"

ಅಜ್ಜಿ ಕಾಲು ಗಾಳಿಯಲ್ಲೇ ಹಿಡಿದು ನಿಂತಳು. ಅವಳ ಮುಖದಲ್ಲಿ ಏನೋ ಇಳಿದು ಹೋದದ್ದು ನನಗೆ ಕಾಣಿಸಿತು. ಆಮೇಲೆ ಮೆಲ್ಲಗೆ, "ಹೇಳಲ್ಲ. ಈ ಕಾಲು ನನಗೆ ಏನೂ ಹೇಳಲ್ಲ ಈಗ," ಅಂದಳು. ದೂರು ಹೇಳದ ಕಾಲು ಅಂತ ಹೊಗಳಿಕೊಳ್ಳುತ್ತಿದ್ದವಳು.

"ಮತ್ತೆ ಯಾರನ್ನ ಕೇಳೋಣ?"

ಬೆರಳಿಟ್ಟು ನೋಡಿದಳು. ಮೀನಿಗೆ ಉಪ್ಪು ಹಾಕಿ ಹಾಕಿ ಬೆರಳೂ ಒರಟಾಗಿವೆ. ನರ್ಸ್ ಕುಕ್ ತಮ್ಮ ತೋಳು ಮಡಚಿ ಮೊಣಕೈ ತೋರಿಸಿದರು. ಅಜ್ಜಿ ಮೊಣಕೈ ಅದ್ದಿದವಳು ಕಿಟಾರನೆ ಕಿರುಚಿದಳು. "ಅಮ್ಮಾ! ಸುಡುತ್ತೆ!" ಆ ಮಾತು ಅವಳ ಬಾಯಿಂದ ಕೇಳಿ ನಾನು ಬೆರಗಾದೆ. ಬಿಸಿ ನೀರಿಗೆ ಅವಳು ಸುಡುತ್ತೆ ಅಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆಮೇಲೆ ದಿನವೂ ಇದೇ ಆಟ. ಈಗ ಪೂರ್ತಿ ಅವಳೇ ಮಾಡುತ್ತಾಳೆ, ಸೊಸೆಗೆ ಬೈಯುತ್ತಾ. "ಮೊದಲು ಮೊಣಕೈ ಅಂದೆ, ಪೆದ್ದಿ! ನಿಮ್ಮಪ್ಪನ ಮನೇಲಿ ಇದನ್ನೂ ಕಲಿಸಲಿಲ್ವಾ?" ನರ್ಸ್ ಕುಕ್ ತಲೆ ತಗ್ಗಿಸಿ ತಪ್ಪಾಯ್ತು ಅತ್ತೆಮ್ಮಾ ಅನ್ನುತ್ತಾರೆ. ನಾನು ಕೇಳಿದೆ, ನಾನೂ ಪಾಠ ಮಾಡಿಸಿದ್ದೆನಲ್ಲ, ಒಂದಕ್ಷರ ತಪ್ಪದೆ ಒಪ್ಪಿಸಿದ್ದಳಲ್ಲ ಅಂತ. "ಒಪ್ಪಿಸಿದ್ದು ನಿಮ್ಮ ಮಾತು. ಮಾಡಿ ತೋರಿಸಿದ್ರೆ ಅವರ ಮಾತು ಗೊತ್ತಾಗ್ತಿತ್ತು," ಅಂದರು. ಕಾಲಿನ ವಿಷಯದಲ್ಲಿ ತಂಪು ಅನ್ನುವ ಮಾತು ನಮ್ಮ ಮನೆಯಲ್ಲಿ ಈಗ ನಿಷೇಧ. ಮೊಣಕೈ ಒಪ್ಪಿತು ಅಂತ ಹೇಳಬೇಕು.

ಅಂಗಾಲು ನೋಡಿಕೊಳ್ಳುವಷ್ಟು ಅಜ್ಜಿಯ ಸೊಂಟ ಬಗ್ಗುವುದಿಲ್ಲ. ಕೈಗನ್ನಡಿ ನೆಲದ ಮೇಲಿಟ್ಟು ನೋಡುತ್ತಾಳೆ. ಕಣ್ಣು ಮಂಜು, ಅರ್ಧ ಕಾಣುತ್ತದೆ. ಉಳಿದರ್ಧಕ್ಕೆ ದಾರಿ ಹುಡುಕಿದ್ದು ಅಜ್ಜಿಯೇ. ಮೊನ್ನೆ ಗುರುವಾರ ಸ್ನಾನದ ಮನೆಗೆ ಹೋದೆವು. ಕ್ಷಮಿಸಿ, ನಿಮ್ಮನ್ನು ಕೇಳಲಿಲ್ಲ. ಅಜ್ಜಿ ತೊಟ್ಟಿಗೆ ಇಳಿಯಲಿಲ್ಲ. ಕಾಲಿಗೆ ರಬ್ಬರ್ ಚಪ್ಪಲಿ, ಗೋಡೆಯ ಬದಿಗೆ ಸ್ಟೂಲು. ಮಾಕ್ದಾನ್ ಅಜ್ಜಿಯ ಬೆನ್ನನ್ನು ಒರಟು ಹಸಿರು ಬಟ್ಟೆಯಿಂದ ಕೆಂಪಾಗುವವರೆಗೆ ಉಜ್ಜಿದಳು. ಆಮೇಲೆ ತಿರುಗಿ ಕೂತು, ಬೆನ್ನು ಕೊಡುವ ಬದಲು, ಕಾಲು ಎತ್ತಿ ಅವಳ ತೊಡೆಯ ಮೇಲಿಟ್ಟಳು.

"ಬೆನ್ನು ಆಮೇಲೆ. ಮೊದಲು ಇದನ್ನ ನೋಡು. ಕೆಂಪು, ಗಾಯ, ಬಿರುಕು, ಏನಾದ್ರೂ ಇದೆಯಾ?"

"ಥೂ, ಈ ವಯಸ್ಸಲ್ಲಿ ನಿನ್ನ ಕಾಲು ಹಿಡೀಬೇಕಾ ನಾನು?"

"ಬೆನ್ನು ಹಿಡಿದಿಲ್ವಾ ನಲವತ್ತು ವರ್ಷ? ನಮ್ಮ ಬೆನ್ನು ನಮಗೆ ಕಾಣಲ್ಲ, ಅಂಗಾಲೂ ಅಷ್ಟೇ. ನೋಡೇ."

ಮಾಕ್ದಾನ್ ಅಜ್ಜಿ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ತನ್ನ ಗಂಡನ ಕಾಲು ನೆನಪಾಗಿರಬೇಕು. ಬೆರಳಿನ ಸಂದಿ ಒಂದೊಂದನ್ನೂ ಬಿಡಿಸಿ ನೋಡಿ, "ಇಲ್ಲ. ಚೆನ್ನಾಗಿದೆ. ಮಗು ಕಾಲಿನ ಹಾಗಿದೆ," ಅಂದಳು. ಆಮೇಲೆ ತನ್ನ ಕಾಲೂ ಚಾಚಿದಳು. ಪಕ್ಕದಲ್ಲಿದ್ದ ಇಬ್ಬರು ಬಕೆಟ್ಟು ಎಳೆದುಕೊಂಡು ಹತ್ತಿರ ಬಂದರು. ಹೊರಡುವ ಹೊತ್ತಿಗೆ ಆವಿಯೊಳಗೆ ಮುದುಕಿಯರ ಕಾಲುಗಳೆಲ್ಲ ಒಬ್ಬರ ತೊಡೆಯ ಮೇಲೊಬ್ಬರದು. ಯಾರದೋ ಹಿಮ್ಮ‌ಡಿಯ ಬಿರುಕಿನಲ್ಲಿ ಸಿಂಪಿ ಚಿಪ್ಪಿನ ಚೂರು ಸಿಕ್ಕಿತು. ಅವಳಿಗೂ ಸಕ್ಕರೆ ಇದೆಯೋ ಏನೋ, ಸೋಮವಾರ ನರ್ಸ್ ಕುಕ್ ನೋಡುತ್ತಾರಂತೆ.

ನಾನು ಮೂಲೆಯಲ್ಲಿ ಕೂತು ತಲೆಗೆ ನೀರು ಹಾಕಿಕೊಂಡೆ. ನನ್ನನ್ನು ಯಾರೂ ಕರೆಯಲಿಲ್ಲ.

ಯೋಜನೆಯನ್ನು ನರ್ಸ್ ಕುಕ್ ಮತ್ತೆ ಬರೆದಿದ್ದಾರೆ. ಗುರಿಯ ಕೆಳಗೆ ಸ್ನಾನದ ಮನೆ ಅಂತ ಇದೆ. ಸಾಲುಗಳ ಕೊನೆಯಲ್ಲಿ ಈಗ ಬೇರೆ ಬೇರೆ ಗೀಟುಗಳಿವೆ. ಅಜ್ಜಿ ಬೆರಳಿಟ್ಟು ಹೆಸರು ಕೇಳಿ ತಿಳಿದುಕೊಂಡಳು. ಸಾಮ್‌ವೊಲ್, ಸಾಮ್‌ವೊಲ್, ಮಾಕ್ದಾನ್, ನರ್ಸ್, ಸಾಮ್‌ವೊಲ್. ಆಮೇಲೆ ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ನೋಡಿ, "ನಿನ್ನದು ಎಲ್ಲಿ?" ಅಂದಳು.

"ಇಲ್ಲ ಅಜ್ಜಿ."

ಅವಳು ಹೂಂ ಅಂದಳು. ನನ್ನ ಕಡೆ ನೋಡದೆ, "ಬುಸಾನಲ್ಲಿ ಸ್ನಾನದ ಮನೆ ಇದೆಯಂತಾ?" ಅಂತ ಕೇಳಿದಳು. ನಾನು ಅವಳಿಗೆ ಬುಸಾನಿನ ಕೆಲಸದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ, ಅತ್ತೆ. ಪಟ್ಟಣ ನೋಡಿ ಬರುತ್ತೇನೆ ಅಂದಿದ್ದೆ ಅಷ್ಟೇ.

"ಇರುತ್ತೆ ಅಜ್ಜಿ."

"ಒಬ್ಬಳೇ ಹೋದ್ರೆ ಪಕ್ಕದವರನ್ನ ಕೇಳು, ಬೆನ್ನು ಉಜ್ತಾರೆ. ಬಾಯಿ ಬಿಟ್ಟು ಕೇಳ್ಬೇಕು. ನೀನು ಕೇಳಲ್ಲ, ಅದೇ ನಿನ್ನ ರೋಗ."

ನೀವು ಕೇಳಿದ್ದಿರಿ, ನಿಮ್ಮ ಬಗ್ಗೆ ಅವಳು ಏನಾದರೂ ಅಂದಳೇ ಅಂತ. ಕಾಲು ಬೆಂದ ದಿನ ಏನೂ ಅನ್ನಲಿಲ್ಲ. ನಿಮ್ಮ ಪತ್ರದ ಸ್ನಾನದ ಮಾತನ್ನು ಓದಿ ಹೇಳಿದಾಗ ಮಾತ್ರ, "ಬೆನ್ನಿನ ಆ ನಡುವಿನ ಜಾಗ ಅವಳಿಗೆ ಚಿಕ್ಕಂದಿನಿಂದಲೂ ತುರಿಸ್ತಿತ್ತು," ಅಂದಳು.

ಇವತ್ತು ಸಂಜೆ ಮಲಗುವ ಮುಂಚೆ ಅಜ್ಜಿ ಅಭ್ಯಾಸಬಲದಿಂದ ನನ್ನ ಕಡೆ ಕಾಲು ಚಾಚಿದಳು. ನನ್ನ ಕೈಯಲ್ಲಿ ಸೂಜಿ ಇತ್ತು. ನೀಲಿ ರವಿಕೆಗೆ ಆ ಗುಂಡಿ ಹೊಲಿಯುತ್ತಿದ್ದೆ. ಎದ್ದುಬಿಡುತ್ತಿದ್ದೆ, ಮೊಣಕಾಲು ಆಗಲೇ ಮಡಚಿತ್ತು. ಎದ್ದೇಳಲಿಲ್ಲ. ನಾಲ್ಕು ತೂತಿಗೂ ದಾರ ಹಾಕಿ, ಗಂಟು ಹಾಕಿ, ಹಲ್ಲಿನಿಂದ ಕತ್ತರಿಸಿದೆ. ತಲೆ ಎತ್ತಿದಾಗ ಅಜ್ಜಿ ಕನ್ನಡಿ ಎಳೆದುಕೊಂಡು ತನ್ನ ಅಂಗಾಲಿನ ಜೊತೆ ಏನೋ ಮಾತಾಡುತ್ತಿದ್ದಳು.

ಇನ್ನು ಮುಂದೆ ನಿಮ್ಮ ಪತ್ರಗಳನ್ನು ಅವಳಿಗೆ ಓದಿ ಹೇಳುವವರು ನರ್ಸ್ ಕುಕ್. ಅವರಿಗೆ ಈ ಕೇಂದ್ರದಲ್ಲಿ ಬಿಡುವು ಕಡಿಮೆ, ಅಕ್ಷರ ದೊಡ್ಡದಾಗಿ ಬರೆಯಿರಿ. ನನಗೆ ಹೇಳುವುದೇನಾದರೂ ಇದ್ದರೆ ಬೇರೆ ಕಾಗದದಲ್ಲಿ ಬರೆದು ಬೇರೆ ಲಕೋಟೆಗೆ ಹಾಕಿ. ವಿಳಾಸ ಕೆಳಗಿದೆ.

ನಿಮ್ಮ ಅಣ್ಣನ ಮಗಳು,
ಪ್ಯೋ ದಾಲ್ಲೆ
ಕರಡು ವಿಭಾಗ, ಕಿಟಕಿಯ ಪಕ್ಕದ ಮೇಜು
ನಿಘಂಟು ಮುದ್ರಣಾಲಯ, ಬುಸಾನ್